ಬಂಡೆಯ ಹಲ್ಲಿ, ಪೆಟ್ಟಿಗೆಯ ಹಲ್ಲಿ

ಹಲ್ಲಿಯ ವಿಷಯದಲ್ಲಿ ಮಲೆನಾಡಿಗರಿಗೆ ಹೆಚ್ಚಾಗಿ ತಿಳಿದಿರುವುದು ಶಕುನ. ಮೈಮೇಲೆ ಎಲ್ಲಿ ಬಿದ್ದರೆ ಏನು ಫಲವೆಂಬುದನ್ನು ಪಂಚಾಂಗಗಳು ಇಂದಿಗೂ ಅಚ್ಚುಹಾಕುತ್ತವೆ. ಆದರೆ ಸಕಲೇಶಪುರದ ಬಂಡೆಗಳಲ್ಲಿ ಬಾಳುವ ಹಲ್ಲಿಯೊಂದಕ್ಕೆ 2020ರವರೆಗೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ. ಆ ವರ್ಷ ಅಕ್ಷಯ್ ಖಾಂಡೇಕರ್ ಮತ್ತು ಸಂಗಡಿಗರು ಅದನ್ನು ನೆಮಾಸ್ಪಿಸ್ ಮ್ಯಾಗ್ನಿಫಿಕಾ ಎಂದು ಕರೆದರು. ಮ್ಯಾಗ್ನಿಫಿಕಾ ಎಂದರೆ ಭವ್ಯ. ಬಾಲ ಬಿಟ್ಟರೆ ಎರಡು ಅಂಗುಲದ ಆಸುಪಾಸಿನ ಜೀವಿಗೆ ಈ ಬಿರುದು ಅತಿಯೆನಿಸಬಹುದು. ಅದರ ಬಂಧುಗಳಲ್ಲಿ ಬಹುಪಾಲು ಇನ್ನೂ ಗಿಡ್ಡ.

ಮನೆಹಲ್ಲಿಯ ಬೆರಳಡಿಯಲ್ಲಿ ಮೆತ್ತೆಗಳಿವೆ. ಅವುಗಳಲ್ಲಿನ ಸೂಕ್ಷ್ಮ ರೋಮಗಳ ಬಲದಿಂದ ಅದು ಗಾಜಿನ ಮೇಲೂ ನಡೆಯುತ್ತದೆ. ಬಂಡೆಹಲ್ಲಿಗೆ ಆ ಮೆತ್ತೆಯಿಲ್ಲ. ನೀಳವಾದ, ಬಾಗಿದ ಬೆರಳು ಮತ್ತು ಉಗುರೇ ಆಧಾರ. ಮನೆಹಲ್ಲಿಯ ಕಣ್ಣಪಾಪೆ ಸೀಳಿನಂತೆ, ಇದರದು ದುಂಡು. ಎರಡಕ್ಕೂ ಮುಚ್ಚುವ ರೆಪ್ಪೆಯಿಲ್ಲವಾಗಿ ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತವೆ. ಯಾವುದರಲ್ಲೂ ವಿಷವಿಲ್ಲ. ಹಲ್ಲಿ ಬಿದ್ದ ಅನ್ನವನ್ನು ಚೆಲ್ಲಬೇಕಾದುದು ಅದರ ಮೈಯಲ್ಲಿರಬಹುದಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ದೆಸೆಯಿಂದ.

ಮನೆಹಲ್ಲಿ ಎಲ್ಲಿ ಗೋಡೆಯಿದೆಯೋ ಅಲ್ಲಿ ಬದುಕೀತು. ಬಂಡೆಹಲ್ಲಿಗೆ ಬೇಕಾದುದು ಮರದ ನೆರಳಿನ ತಂಪಾದ ಕಲ್ಲು, ಅದರ ಸೀಳು. ಸಕಲೇಶಪುರ, ಆಲೂರಿನ ತೋಟಗಳಲ್ಲಿ ಬಂಡೆಯೆಂದರೆ ಗಿಡ ನೆಡಲಾಗದ ಜಾಗ. ಗುತ್ತಿಗೆದಾರನಿಗೆ ಅದು ಜಲ್ಲಿ. ಶಿರಾಡಿ ಘಾಟಿಯ ಹೆದ್ದಾರಿಗೂ ಎತ್ತಿನಹೊಳೆ ಯೋಜನೆಗೂ ಈ ಸೀಮೆಯ ಎಷ್ಟೋ ಕಲ್ಲು ಒಡೆದಿದೆ. ಬಂಡೆ ಉಳಿದರೂ ಮೇಲಿನ ಕಾಡುಮರ ಉರುಳಿದರೆ ಬಿಸಿಲಿಗೆ ಅದು ಕಾದ ಹೆಂಚೇ ಸರಿ. ಕಾಫಿಯ ನೆರಳಿಗೆ ಸಿಲ್ವರ್ ಓಕ್ ಒಂದನ್ನೇ ನೆಚ್ಚುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗ ಇನ್ನೊಂದು ಆತಂಕ. ಹಲ್ಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಚಿತ್ರಗಳನ್ನು ವಿದ್ಯಾರ್ಥಿಗಳು ಮೊಬೈಲಿನಲ್ಲಿ ನೋಡುತ್ತಿದ್ದಾರೆ. ಅಲ್ಲಿ ಹೆಚ್ಚಾಗಿ ಕಾಣುವ ಲೆಪರ್ಡ್ ಗೆಕೊ ಅಫ್ಘಾನಿಸ್ತಾನ, ಪಾಕಿಸ್ತಾನಗಳ ಒಣನೆಲದ ಮೂಲದ್ದು, ರೆಪ್ಪೆಯುಳ್ಳದ್ದು, ಹಲವು ತಲೆಮಾರುಗಳಿಂದ ಸೆರೆಯಲ್ಲೇ ಮರಿಯಾಗುತ್ತ ಬಂದದ್ದು. ಅದಕ್ಕೂ ಹದವಾದ ಶಾಖ, ಜೀವಂತ ಹುಳುಗಳ ಆಹಾರ, ಹದಿನೈದು ವರ್ಷಕ್ಕೂ ಮಿಕ್ಕಿದ ಆರೈಕೆ ಬೇಕು. ಕಾಡುಬಂಡೆಯಿಂದ ಹಿಡಿದು ತಂದ ಹಲ್ಲಿಯನ್ನು ಇದಕ್ಕೆ ಹೋಲಿಸುವುದು ಸಲ್ಲದು. ವಿಯೆಟ್ನಾಮಿನ ಹೋನ್ ಖೋಯಿ ದ್ವೀಪದ ಬಣ್ಣಬಣ್ಣದ ಬಂಡೆಹಲ್ಲಿಯೊಂದು 2010ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಕೆಲವೇ ವರ್ಷಗಳಲ್ಲಿ ಅದು ಯುರೋಪಿನಲ್ಲಿ ಮಾರಾಟಕ್ಕಿತ್ತು. 2016ರಲ್ಲಿ ಸೈಟ್ಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಿ ಅಂತರರಾಷ್ಟ್ರೀಯ ವ್ಯಾಪಾರವನ್ನು ತಡೆಯಬೇಕಾಯಿತು.

ಹೆಸರು ಸಿಕ್ಕ ಕೂಡಲೇ ಬೆಲೆಯೂ ಕಟ್ಟಲ್ಪಡುವ ಕಾಲವಿದು. ಹಲ್ಲಿಯ ಚಿತ್ರ ತೆಗೆದ ವಿದ್ಯಾರ್ಥಿ ತಾಲ್ಲೂಕಿನ ಹೆಸರು ಬರೆದರೆ ಸಾಕು, ಬಂಡೆಯ ಗುರುತು ಹೇಳುವುದು ಬೇಡ. ಈ ಜಾತಿಯ ಹಲ್ಲಿಗಳು ಗಟ್ಟಿ ಚಿಪ್ಪಿನ ಬಿಳಿ ಮೊಟ್ಟೆಗಳನ್ನು ಕಲ್ಲಿನ ಸೀಳಿನಲ್ಲಿ ಅಂಟಿಸುತ್ತವೆ, ಅವನ್ನು ಕೀಳಬಾರದು.