ಇಲಿಯ ಮೂಗೂ ಮನುಷ್ಯನ ನೆಗಡಿಯೂ

ಬೆಟ್ಟ ಅಗೆದು ಇಲಿ ಹಿಡಿದರೆಂಬುದು ಹಳೆಯ ಗಾದೆ. ಇಲಿಯನ್ನು ಹಿಡಿದು ಬೆಟ್ಟವೆಂದು ತೋರಿಸುವುದು ಈಗಿನ ಪದ್ಧತಿ. ‘ನೆಗಡಿಗೆ ಮದ್ದು ಸಿಕ್ಕಿತು’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತದೆ. ಗುಣವಾದದ್ದು ಪ್ರಯೋಗಶಾಲೆಯ ಇಲಿಗೆ ಎಂಬ ಮಾತು ಕೊನೆಯ ಸಾಲಿನಲ್ಲಿ ಅವಿತಿರುತ್ತದೆ. ಓದುಗರಿಗೆ ಇದು ಅನ್ಯಾಯವಲ್ಲವೆ?

ನಮ್ಮ ನೆಗಡಿ ಇಲಿಗೆ ಸುಲಭವಾಗಿ ಅಂಟುವುದೇ ಇಲ್ಲ. ನೆಗಡಿಗೆ ಮುಖ್ಯ ಕಾರಣವಾದ ರೈನೊವೈರಸ್ಸುಗಳಲ್ಲಿ ಬಹುಪಾಲು ನಮ್ಮ ಜೀವಕೋಶದ ಮೇಲಿನ ಒಂದು ಪ್ರೋಟೀನನ್ನು ಹಿಡಿದು ಒಳಹೊಗುತ್ತವೆ. ಇಲಿಯ ಪ್ರೋಟೀನು ಆ ಹಿಡಿತಕ್ಕೆ ಸಿಕ್ಕದು. ಆ ಬಾಗಿಲನ್ನು ತೆರೆಯಲು ವಿಜ್ಞಾನಿಗಳು ಇಲಿಯ ವಂಶವಾಹಿಯನ್ನೇ ಮಾರ್ಪಡಿಸಬೇಕಾಯಿತು. ಅದು ವರದಿಯಾದದ್ದು 2008ರಲ್ಲಿ. ಇನ್ನು ಫ್ಲೂ ಜ್ವರ. 1933ರಲ್ಲಿ ಇಂಗ್ಲೆಂಡಿನ ಸ್ಮಿತ್, ಆಂಡ್ರೂಸ್, ಲೇಡ್ಲಾ ಅವರಿಗೆ ಮನುಷ್ಯನ ವೈರಸ್ಸು ದಕ್ಕಿದ್ದು ಫೆರೆಟ್ ಎಂಬ ಪ್ರಾಣಿಯಲ್ಲಿ. ಅದು ನಮ್ಮಂತೆಯೇ ಸೀನಿತು. ಆದರೆ ಅದು ಇಲಿಯ ಜಾತಿಯದಲ್ಲ. ಮತ್ತು ಬರಿಸಿದ ಇಲಿಯ ಮೂಗಿಗೆ ದೊಡ್ಡ ಹನಿ ಬಿಟ್ಟರೆ ವೈರಸ್ಸು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಚ್ಚರವಿರುವ ಇಲಿಗೆ ಪುಟ್ಟ ಹನಿ ಬಿಟ್ಟರೆ ಬಹುಮಟ್ಟಿಗೆ ಮೂಗಿನಲ್ಲೇ ನಿಲ್ಲುತ್ತದೆ. ಹನಿ ಬದಲಾದರೆ ರೋಗವೇ ಬದಲಾಯಿತು!

ಹಾಗೆಂದು ಇಲಿಗಳನ್ನೇ ಕೈಬಿಡಿರೆನ್ನುವವರ ಮಾತನ್ನು ನಾನು ಒಪ್ಪಲಾರೆ. ಎಳೆಯ ಮಕ್ಕಳನ್ನು ಕಾಡುವ ಆರ್‌ಎಸ್‌ವಿ ಎಂಬ ವೈರಸ್ಸಿಗೆ 1960ರ ದಶಕದಲ್ಲಿ ಅಮೆರಿಕದಲ್ಲಿ ಲಸಿಕೆಯೊಂದನ್ನು ಪ್ರಯೋಗಿಸಿದರು. ಲಸಿಕೆ ಪಡೆದು ಮುಂದೆ ಸೋಂಕು ತಗುಲಿದ ಮಕ್ಕಳಲ್ಲಿ, ಒಂದು ಪ್ರಯೋಗದಲ್ಲಿ, ನೂರಕ್ಕೆ 80 ಮಂದಿ ಆಸ್ಪತ್ರೆ ಸೇರಿದರು. ಇಬ್ಬರು ಶಿಶುಗಳು ತೀರಿಕೊಂಡರು. ಆ ಲಸಿಕೆಯ ಕೇಡನ್ನು 1986ರಲ್ಲಿ ಕಾಟನ್ ರ‍್ಯಾಟ್ ಎಂಬ ಅಮೆರಿಕದ ಇಲಿಯಲ್ಲಿ ತೋರಿಸಲಾಯಿತು. ಈ ಸಾಕ್ಷಿ ಇಪ್ಪತ್ತು ವರ್ಷ ಮೊದಲೇ ದೊರೆತಿದ್ದರೆ? 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪಾಲಿವಿಜುಮಾಬ್ ಮದ್ದಿನ ಪ್ರಮಾಣಕ್ಕೆ ದಾರಿ ತೋರಿದ್ದೂ ಇದೇ ಇಲಿ.

ತಪ್ಪು ಇಲಿಯದಲ್ಲ, ಅದು ಹೇಳಲಾರದ ಸಾಕ್ಷ್ಯವನ್ನು ಅದರ ಬಾಯಲ್ಲಿ ಹೇಳಿಸುವವರದು. ಆದ್ದರಿಂದ ಪತ್ರಿಕೆಗಳಿಗೆ ನನ್ನ ಬೇಡಿಕೆ ಇಷ್ಟೆ: ಯಾವ ಪ್ರಾಣಿ, ಎಷ್ಟು ದೊಡ್ಡ ಹನಿ, ರೋಗ ಮೂಗಿನಲ್ಲೊ ಶ್ವಾಸಕೋಶದಲ್ಲೊ, ಮನುಷ್ಯರಲ್ಲಿ ಪರೀಕ್ಷೆ ನಡೆದಿದೆಯೊ—ಇವನ್ನು ಮೊದಲ ಸಾಲಿನಲ್ಲೇ ಹೇಳಿರಿ. ಹೇಳಲಾಗದಿದ್ದರೆ ‘ಮದ್ದು’ ಎಂಬ ಮಾತನ್ನು ಎತ್ತಬೇಡಿರಿ. ಮಗುವಿನ ಉಬ್ಬಸವನ್ನು ಕೇಳುತ್ತ ರಾತ್ರಿಯೆಲ್ಲ ಕುಳಿತ ತಾಯಿ ಆ ಮಾತನ್ನು ನಂಬುತ್ತಾಳೆ.