ದೀಪಕ್ಕಿಂತ ಮೊದಲು ಬೆಳಕು

ನಾಟಕ ನೋಡಿ ಮನೆಗೆ ಮರಳುವವರು ನಾಯಕಿಯ ಅಭಿನಯವನ್ನು ಕೊಂಡಾಡುತ್ತಾರೆ; ಹಾಡು ಹಿಡಿಸಿದ್ದರೆ ದಾರಿಯುದ್ದಕ್ಕೂ ಗುನುಗುತ್ತಾರೆ; ವಿರಾಮದಲ್ಲಿ ಕೊಟ್ಟ ಉಪ್ಪಿಟ್ಟನ್ನೂ ನೆನೆಯುವವರುಂಟು. ಬೆಳಕು ಬಿಟ್ಟವನ ನೆನಪು ಯಾರಿಗೂ ಆಗುವುದಿಲ್ಲ. ಮುಖ್ಯವಾದ ಮಾತಿನ ಹೊತ್ತಿಗೆ ನಟನ ಮುಖ ಕತ್ತಲಲ್ಲಿ ಮುಳುಗಿತೋ, ಆಗ ಹಿಂದಿನ ಸಾಲಿನಿಂದ "ಲೈಟ್! ಲೈಟ್!" ಎಂಬ ಕೂಗು ಏಳುತ್ತದೆ. ಆ ಕೂಗು ನೇರವಾಗಿ ಬಂದು ತಾಕುವ ಜಾಗದಲ್ಲಿ, ನಮ್ಮ ಸಂಘದ ನಾಟಕಗಳಿಗೆ, ಆರು ವರ್ಷಗಳಿಂದ ಕುಳಿತುಬಂದಿರುವವನು ನಾನು. ಹಗಲು ಕಚೇರಿಯ ಕಡತ, ಸಂಜೆ ದೀಪ. ಆದುದರಿಂದ ವಾಚಕರು ಈ ಸಲ ದೀಪದ ಹರಟೆಯನ್ನು ಸಹಿಸಿಕೊಳ್ಳಬೇಕು.

ನಮಗೆ ಸಭಾಗೃಹ ಸಿಗುವುದು ಆಟದ ದಿನ ಬೆಳಗ್ಗೆ 9ಕ್ಕೆ. ತೆರೆ ಏಳುವುದು ಸಂಜೆ 6-30ಕ್ಕೆ. ಸೆಟ್ಟು ನಿಲ್ಲಿಸಿ, ಊಟ ಮುಗಿಸಿ, ಪಾತ್ರಧಾರಿಗಳಿಗೆ ಬಣ್ಣ ಹಚ್ಚುವ ವೇಳೆಯನ್ನು ಕಳೆದರೆ ದೀಪದವನ ಪಾಲಿಗೆ ಉಳಿಯುವುದು 4 ಗಂಟೆ. ನಾಟಕದಲ್ಲಿ ಬೆಳಕು 40 ಸಲ ಬದಲಾಗುವುದಾದರೆ ಒಂದೊಂದಕ್ಕೆ 6 ನಿಮಿಷ. ಏಣಿ ಹತ್ತಿ ಇಳಿಯುವುದೂ ಅದರಲ್ಲೇ ಸೇರಿತು! ಹಾಡುವವರು ಮನೆಯಲ್ಲಿ ಹಾಡಿಕೊಂಡು ಬರಬಹುದು. ವೇಷಭೂಷಣದವರು ಬಟ್ಟೆಯ ತುಂಡು ತಂದು ತೋರಿಸಬಹುದು. ಬೆಳಕನ್ನು ಮಾತ್ರ ಚೀಲದಲ್ಲಿ ಹಾಕಿಕೊಂಡು ತಾಲೀಮಿಗೆ ತರಲಾಗದು.

ಈ ತೊಡಕು ಹಳೆಯದು. ಸ್ವಿಟ್ಜರ್ಲೆಂಡಿನ ಅಡಾಲ್ಫ್ ಆಪಿಯಾ (1862-1928) ರಂಗದ ಮೇಲೆ ಬೆಳಕು ಹೇಗೆ ಬೀಳಬೇಕೆಂಬುದನ್ನು ಇದ್ದಿಲಿನಿಂದ ಕಾಗದದ ಮೇಲೆ ಬರೆದು ತೋರಿಸಿದ. ಮೆಟ್ಟಿಲು, ಕಂಬ, ಅವುಗಳ ನೆರಳು, ಅಷ್ಟೆ. ಅಮೇರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ 1932ರ ತನ್ನ ಪುಸ್ತಕದಲ್ಲಿ ಅದಕ್ಕೊಂದು ಕ್ರಮವನ್ನೇ ಹಾಕಿಕೊಟ್ಟ: ರಂಗವನ್ನು ಭಾಗಗಳಾಗಿ ವಿಂಗಡಿಸು, ಒಂದೊಂದು ಭಾಗಕ್ಕೂ ಮುಂದಿನಿಂದ, ಎಡಕ್ಕೊಂದು ಬಲಕ್ಕೊಂದು, 45 ಡಿಗ್ರಿ ಕೋನದಲ್ಲಿ ಎರಡು ದೀಪ ಕಟ್ಟು, ಒಂದು ಬೆಚ್ಚನೆಯ ಬಣ್ಣದ್ದು, ಇನ್ನೊಂದು ತಣ್ಣನೆಯದು. ನಮ್ಮ ದೇಶದ ತಾಪಸ್ ಸೇನ್ 1959ರಲ್ಲಿ ಉತ್ಪಲ್ ದತ್ತರ 'ಅಂಗಾರ್' ನಾಟಕದಲ್ಲಿ ಕಲ್ಲಿದ್ದಲ ಗಣಿಯೊಳಗೆ ಬೆಳಕಿನಿಂದಲೇ ನೀರೇರಿಸಿ ಕಲ್ಕತ್ತೆಯನ್ನು ಬೆರಗುಗೊಳಿಸಿದರು. ಆದರೆ ಆ ತಂಡದವರ ಕೈಯಲ್ಲಿ ಮಿನರ್ವ ರಂಗಮಂದಿರವೇ ಇತ್ತು. ನಮಗಿರುವುದು 4 ಗಂಟೆ.

ಇಲ್ಲಿ ಕಂಪ್ಯೂಟರು ಪ್ರವೇಶಿಸುತ್ತದೆ. ಮೊದಲು ಅದು ಬಂದದ್ದು ಮುನೀಮನ ಕೆಲಸಕ್ಕೆ: ಯಾವ ದೀಪ ಎಷ್ಟು ಉರಿಯಬೇಕೆಂಬುದನ್ನು ನೆನಪಿಡಲು. ಬ್ರಾಡ್‌ವೇಯಲ್ಲಿ 1975ರ 'ಎ ಕೋರಸ್ ಲೈನ್' ನಾಟಕಕ್ಕೆ ಥರೋನ್ ಮಸ್ಸರ್ ಎಂಬ ಮಹಿಳೆ ಅದನ್ನು ತಂದಳು. ಉರಿಯುವ ಮೊದಲೇ ಬೆಳಕನ್ನು ಚಿತ್ರವಾಗಿ ತೋರಿಸುವ ತಂತ್ರಾಂಶಗಳು ಅನಂತರದವು. ಅವುಗಳಲ್ಲಿ ಹೆಸರಾದ 'ವಿಸಿವಿಗ್' 1994ರಲ್ಲಿ ಕೆನಡದ ಟೊರಾಂಟೊದಿಂದ ಹೊರಟಿತು. ಈಗ ಇಂತಹವು ಹಲವು ಇವೆ. ರಂಗದ ಅಗಲ, ಆಳ, ಎತ್ತರವನ್ನು ಅಡಿ ಅಂಗುಲಗಳಲ್ಲಿ ಕೊಟ್ಟರೆ ಪರದೆಯ ಮೇಲೆ ರಂಗ ನಿಲ್ಲುತ್ತದೆ. ದೀಪಗಳ ಪಟ್ಟಿಯಿಂದ ಬೇಕಾದ್ದನ್ನು ಆರಿಸಿ ಕೊಳವೆಗೆ ಕಟ್ಟಿದರೆ ಅದರ ಕಿರಣ ಎಷ್ಟು ಹರಡುತ್ತದೆ, ಎಲ್ಲಿ ಬೀಳುತ್ತದೆ ಎಂಬುದು ಕಾಣುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುವ ಲೆಕ್ಕವನ್ನೂ ಅದೇ ನೋಡಿಕೊಳ್ಳುತ್ತದೆ. ಇವುಗಳ ಬೆಲೆ ಸಂಘದ ಬೊಕ್ಕಸಕ್ಕೆ ನಿಲುಕತಕ್ಕದ್ದಲ್ಲ. ನಮ್ಮ ಸದಸ್ಯರೊಬ್ಬರ ಮಗಳು ವಾಸ್ತುಶಿಲ್ಪ ಓದುತ್ತಿದ್ದಾಳೆ; ಅವಳು 'ಬ್ಲೆಂಡರ್' ಎಂಬ ಪುಕ್ಕಟೆ ತಂತ್ರಾಂಶದಲ್ಲಿ ನಮ್ಮ ಸಭಾಗೃಹವನ್ನು ಎರಡು ಭಾನುವಾರಗಳಲ್ಲಿ ಕಟ್ಟಿಬಿಟ್ಟಳು.

ಅದರ ಪ್ರಯೋಜನ ಕಂಡದ್ದು ಕಳೆದ ವರ್ಷದ ನಾಟಕದಲ್ಲಿ. ತಾಯಿ ಕಿಟಕಿಯ ಬಳಿ ಕುಳಿತು ಮಗನ ಕಾಗದ ಓದುವ ದೃಶ್ಯ. ಕಿಟಕಿ ಹಿಂದಿನ ಗೋಡೆಯಲ್ಲಿ. ಆ ಕಿಟಕಿಯ ಬೆಳಕೊಂದೇ ಸಾಕು, ಬೇರೆ ದೀಪ ಕೂಡದು ಎಂದು ನಮ್ಮ ನಿರ್ದೇಶಕರಾದ ಮೇಷ್ಟ್ರ ಹಟ. ಆಟಕ್ಕೆ ಮೂರು ವಾರ ಮುಂಚೆ ಅದನ್ನೇ ಕಂಪ್ಯೂಟರಿನಲ್ಲಿ ತೋರಿಸಿದೆವು. ಕೂದಲ ಅಂಚು ಹೊಳೆಯಿತು, ಮುಖ ಇದ್ದಿಲು.

"ಏನಯ್ಯಾ, ಇವಳ ಮುಖ ಎಲ್ಲಿ?"

"ನೀವು ಹೇಳಿದ ಬೆಳಕೇ ಸಾರ್ ಇದು."

ಮೇಷ್ಟ್ರು ಬಹಳ ಹೊತ್ತು ನೋಡಿದರು. ಕಿಟಕಿಯನ್ನು ಬಲಗಡೆಯ ಗೋಡೆಗೆ ಸರಿಸಿದೆವು. ಕುರ್ಚಿಯನ್ನು ಎರಡು ಅಡಿ ಮುಂದಕ್ಕೆ ತಂದೆವು. ತಾಯಿಯ ಅರ್ಧ ಮುಖ, ಕೈಯಲ್ಲಿನ ಕಾಗದ ಎರಡೂ ಕಂಡವು. ಬಡಗಿ ಇನ್ನೂ ಗೋಡೆಯ ಹಲಗೆಯಲ್ಲಿ ಕಿಟಕಿ ಕೊಯ್ದಿರಲಿಲ್ಲ! ಮೂರು ವಾರ ತಡೆದಿದ್ದರೆ ಮೇಷ್ಟ್ರ ಹಟ ಹಾಗೆಯೇ ಉಳಿಯುತ್ತಿತ್ತು, ಕೊಯ್ದ ಕಿಟಕಿಯೂ ಉಳಿಯುತ್ತಿತ್ತು, ಆರು ತಿಂಗಳು ಮಾತು ಕಲಿತ ಗೃಹಿಣಿ ಕತ್ತಲಲ್ಲಿ ಅಳುತ್ತಿದ್ದಳು.

ಹಾಗೆಂದು ಪರದೆಯನ್ನು ಪೂರ್ತಿ ನಂಬುವವರ ಪಂಗಡದವನಲ್ಲ ನಾನು. ಪರದೆ ತಾನೇ ಉರಿಯುವ ವಸ್ತು. ರಂಗವಾದರೋ ಬೇರೆ ಬೆಳಕಿನಿಂದ ಕಾಣತಕ್ಕದ್ದು. ಕತ್ತಲ ಸಭಾಗೃಹದಲ್ಲಿ ಐದು ನಿಮಿಷ ಕುಳಿತ ಕಣ್ಣಿಗೆ ಮಂದ ದೀಪವೂ ಧಾರಾಳ. ಟ್ಯೂಬ್‌ಲೈಟಿನ ಕೆಳಗೆ ಲ್ಯಾಪ್‌ಟಾಪ್ ನೋಡುವ ಕಣ್ಣಿಗೆ ಅದೇ ಚಿತ್ರ ಕಪ್ಪು. ಗಣಕದ ಗೊಂಬೆಗೆ ರೇಷ್ಮೆ ಸೀರೆಯ ಜರಿ ಇಲ್ಲ, ಎಣ್ಣೆ ಹಚ್ಚಿದ ತಲೆ ಇಲ್ಲ, ಕನ್ನಡಕ ಇಲ್ಲ. ನೆಲದ ಬಿಳಿ ಹಾಸಿನಿಂದ ಪುಟಿದು ಗಲ್ಲದ ಕೆಳಗೆ ಬೀಳುವ ಬೆಳಕನ್ನು, ಥಟ್ಟನೆ ಚಿತ್ರ ತೋರಿಸುವ ತಂತ್ರಾಂಶಗಳು ಬಹಳಮಟ್ಟಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮೋಸ ಗಾಳಿಯಲ್ಲಿ ತೂಗುವ ಆ ಕಿರಣಗಳದು. ನಿಜವಾಗಿ ಗಾಳಿಯಲ್ಲಿ ಹೊಗೆಯೋ ಧೂಳೋ ಇದ್ದರೆ ಮಾತ್ರ ಕಿರಣ ಕಣ್ಣಿಗೆ ಬೀಳುವುದು. ಇಂತಹ ಚಿತ್ರಗಳಲ್ಲಿ ಮಂಜನ್ನು ಮೊದಲೇ ತುಂಬಿಸಿಟ್ಟಿರುತ್ತಾರೆ. ನಮ್ಮ ಖಜಾಂಚಿಯವರು ಅದನ್ನು ನೋಡಿ, "ಇಷ್ಟು ಚೆನ್ನಾಗಿ ಕಾಣುತ್ತಿರುವಾಗ ಹೊಗೆ ಯಂತ್ರದ ಬಾಡಿಗೆ ಏಕೆ?" ಎಂದು ಆ ಬಾಬನ್ನು ಹೊಡೆದುಹಾಕಿದರು.

ಅಂದಿನಿಂದ ನಾವು ಮೊದಲ ಚಿತ್ರಗಳನ್ನು ಬಣ್ಣವಿಲ್ಲದೆ, ಮಂಜಿಲ್ಲದೆ, ಬರಿಯ ಬೂದಿ ಬಣ್ಣದಲ್ಲೇ ತೆಗೆಯುತ್ತೇವೆ; ಆಪಿಯಾನ ಇದ್ದಿಲಿಗೆ ಹತ್ತಿರವಾಗಿ. ಬೆಳದಿಂಗಳ ನೀಲಿ ತೋರಿಸಿದೆವೆಂದರೆ ಕಾರ್ಯಕಾರಿ ಸಮಿತಿಯವರೆಲ್ಲ ನೀಲಿಯ ಛಾಯೆಯನ್ನೇ ಚರ್ಚಿಸುತ್ತಾರೆ. ಬೆಳಕು ಎತ್ತಣಿಂದ ಬರುತ್ತದೆ, ನಟ ಎಲ್ಲಿ ನಿಲ್ಲುತ್ತಾನೆ ಎಂದು ಕೇಳುವವರೇ ಇರುವುದಿಲ್ಲ. ಬಣ್ಣದ ತೀರ್ಮಾನ ಸಭಾಗೃಹದಲ್ಲಿ, ನಿಜವಾದ ಸೀರೆಯ ಮೇಲೆ.

ಚಿತ್ರ ನಿಶ್ಚಯವಾದ ಮೇಲೆ ಒಂದು ಪಟ್ಟಿ ಮಾಡುತ್ತೇವೆ: ಎಷ್ಟನೆಯ ಕೊಳವೆ, ಎಷ್ಟನೆಯ ದೀಪ, ಯಾವ ನಂಬರಿನ ಬಣ್ಣದ ಹಾಳೆ. ಸಭಾಗೃಹದ ಎಲೆಕ್ಟ್ರಿಷಿಯನ್ ವಯಸ್ಸಾದವರು. ಲ್ಯಾಪ್‌ಟಾಪಿನತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಆ ಕಾಗದವನ್ನು ಮಾತ್ರ ಮಡಿಸಿ ಜೇಬಿಗಿಟ್ಟು ಏಣಿ ಹತ್ತುತ್ತಾರೆ. ಹೋದ ಸಲ ನಮ್ಮ ಹತ್ತು ಗಂಟೆಯ ಚಹಾ ಬರುವಷ್ಟರಲ್ಲಿ ಮುಂದಿನ ಕೊಳವೆಯ 12 ದೀಪಗಳನ್ನೂ ಕಟ್ಟಿ ಕೆಳಗಿಳಿದಿದ್ದರು.