ಮೈಲೇಜ್ ಕೇಳಿದ್ರಿ ಸರಿ, ಡಿಕ್ಕಿ ತೆಗೆಸಿ ನೋಡಿದ್ರಾ?

(1/5) ಮೊದಲ ಫೋಟೋದಲ್ಲಿರೋದು ನಮ್ಮಜ್ಜಿಯ ವೀಲ್‌ಚೇರ್. ನಮ್ಮನೆಗೆ ಯಾವ ಕಾರ್ ಬಂದ್ರೂ ಮೊದಲು ಹತ್ತಬೇಕಾದ್ದು ಇದೇ. ಆದ್ರೆ ಅಪ್ಪ ತಿಂಗಳಿಂದ ಕೇಳ್ತಿರೋದು ಒಂದೇ ಪ್ರಶ್ನೆ: "ಎಷ್ಟು ಕೊಡುತ್ತೆ?" ನಿಮ್ಮನೇಲೂ ಇದೇ ಕಥೆ ತಾನೇ? ಹೈಬ್ರಿಡ್ ಅಂದ್ರೆ ಸಾಕು, ಬೇರೆ ಪ್ರಶ್ನೆನೇ ಬರಲ್ಲ.

(2/5) ಈಗ ಕಂಪನಿಗಳೇ ಕೊಟ್ಟ ಅಂಕಿ ನೋಡಿ. ಗ್ರ್ಯಾಂಡ್ ವಿಟಾರಾ: ಮೈಲ್ಡ್ ಹೈಬ್ರಿಡ್‌ನಲ್ಲಿ ಡಿಕ್ಕಿ 373 ಲೀಟರ್, ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ 265. ಹೋಂಡಾ ಸಿಟಿ: ಪೆಟ್ರೋಲ್‌ಗೆ 506, ಹೈಬ್ರಿಡ್‌ಗೆ 306. ಇನ್ನೂರು ಲೀಟರ್ ಎಲ್ಲಿ ಹೋಯ್ತು? ಬ್ಯಾಟರಿ ಹಿಂದೆ ಕೂತಿದೆ, ಅಷ್ಟೇ. ಸಿಎನ್‌ಜಿ ಕಾರಿನ ಸಿಲಿಂಡರ್ ನೋಡಿ "ಡಿಕ್ಕಿನೇ ಇಲ್ಲ" ಅಂತ ನಗೋ ಜನ ಇದಕ್ಕೆ ಮಾತ್ರ ಬಾಯಿ ಬಿಡಲ್ಲ.

(3/5) ಬಿಕಾಂ ಓದಿದ್ದಕ್ಕೆ ಒಂದು ಲೆಕ್ಕ ಮಾಡ್ತೀನಿ, ಸಹಿಸ್ಕೊಳ್ಳಿ. ಅದೇ ಗ್ರ್ಯಾಂಡ್ ವಿಟಾರಾದಲ್ಲಿ ಘೋಷಿತ ಮೈಲೇಜ್ ಸ್ಟ್ರಾಂಗ್‌ಗೆ 27.97, ಮೈಲ್ಡ್ ಮ್ಯಾನುಯಲ್‌ಗೆ 21.11. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸಿದ್ರೆ ಉಳಿಯೋದು ಸುಮಾರು 139 ಲೀಟರ್. ಪೆಟ್ರೋಲ್ ಲೀಟರ್‌ಗೆ 100 ರೂಪಾಯಿ ಅಂತ ಇಟ್ಕೊಂಡ್ರೆ 13,900 ರೂಪಾಯಿ. ಅಂದ್ರೆ ನೀವು ಹೆಚ್ಚಿಗೆ ಕೊಡೋ ಪ್ರತಿ ಒಂದು ಲಕ್ಷ ವಾಪಸ್ ಬರೋಕೆ ಏಳು ವರ್ಷದ ಮೇಲೆ. ಸಾಲದ ಬಡ್ಡಿ ಇನ್ನೂ ಸೇರಿಸಿಲ್ಲ!

(4/5) "ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಓಡಿಸಿ ನೋಡು" ಅಂತೀರಾ? ಒಪ್ಕೋತೀನಿ. ನಿಂತು ನಿಂತು ಹೋಗೋ ಕಡೆ ಹೈಬ್ರಿಡ್‌ಗೆ ನಿಜವಾದ ಲಾಭ ಇದೆ, ಅಲ್ಲಿ ವ್ಯತ್ಯಾಸ ನನ್ನ ಲೆಕ್ಕಕ್ಕಿಂತ ದೊಡ್ಡದು. ದಿನಾ ಅಲ್ಲೇ ಓಡಾಡೋರು ತಗೊಳ್ಳಿ, ಬೇಡ ಅಂದೋರ್ಯಾರು? ಆದ್ರೆ ವಾರಪೂರ್ತಿ ಮನೆ ಮುಂದೆ ನಿಂತು, ಹಬ್ಬಕ್ಕೆ ಊರಿಗೆ ಐದು ಜನ, ಅಕ್ಕಿ ಮೂಟೆ, ತೆಂಗಿನಕಾಯಿ ಹೊರೋ ಕಾರಿಗೆ ಈ ವಾದ ತರಬೇಡಿ. ಹೈವೇಲಿ ಆ ಲಾಭ ಕರಗುತ್ತೆ, ಮೂಟೆ ಕರಗಲ್ಲ.

(5/5) "ಹಾಗಾದ್ರೆ ಏಳು ಸೀಟಿಂದು ತಗೊಂಡ್ರಾಯ್ತು" ಅನ್ನೋರಿಗೆ ಇದು. ಇನ್ನೋವಾ ಹೈಕ್ರಾಸ್, ಇನ್ವಿಕ್ಟೋ ಎರಡೂ ಹುಟ್ಟೋದು ನಮ್ಮ ಬಿಡದಿಯಲ್ಲೇ, ಬ್ಯಾಡ್ಜ್ ಬೇರೆ, ಒಳಗೆ ಹೆಚ್ಚುಕಡಿಮೆ ಒಂದೇ ಗಾಡಿ. ಮೂರನೇ ಸಾಲು ಎತ್ತಿದಾಗ ಒಂದರ ಡಿಕ್ಕಿ 300 ಲೀಟರ್, ಇನ್ನೊಂದರದ್ದು 239. ಸಾಲು ಮಡಚಿದ್ರೆ 991 ಮತ್ತು 690! ಕಿಟಕಿ ಮಟ್ಟಕ್ಕೆ ಅಳೆದ್ರೆ ಒಂದು, ಚಾವಣಿವರೆಗೆ ಅಳೆದ್ರೆ ಇನ್ನೊಂದು. ಲೀಟರ್ ಅಂಕಿ ನಂಬಿ ಬುಕ್ ಮಾಡೋದು ಹೇಗೆ ಹೇಳಿ? ಅದಕ್ಕೇ ಶನಿವಾರ ಶೋರೂಮಿಗೆ ವೀಲ್‌ಚೇರ್, ಎರಡು ಸೂಟ್‌ಕೇಸ್ ತಗೊಂಡೇ ಹೋಗ್ತಿದೀವಿ. ಅಪ್ಪನಿಗೆ ನಾಚಿಕೆ ಆಗ್ತಿದೆಯಂತೆ. ಅಜ್ಜಿ ಮಾತ್ರ ಸೀರೆ ತೆಗೆದಿಟ್ಕೊಂಡಿದ್ದಾರೆ.

#ಹೈಬ್ರಿಡ್‌ಕಾರು #ಡಿಕ್ಕಿತೆಗೆಸಿ #ಮನೆಕಾರು